ಕೊಪ್ಪಳದ ಕಂದಾಯ, ಹೈದರಾಬಾದಿನ ಐಸಿರಿ: ಮೂರನೆಯ ಸಾಲಾರ್ ಜಂಗರ ಬದುಕು

ಹೈದರಾಬಾದಿಗೆ ಶಾಲಾ ಪ್ರವಾಸ ಹೊರಟ ಮಕ್ಕಳು ಚಾರ್‌ಮಿನಾರ್ ನೋಡಿದ ಮೇಲೆ ಮೂಸಿ ನದಿಯ ದಕ್ಷಿಣ ದಡದಲ್ಲಿರುವ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂದಿರುಗುವುದಿಲ್ಲ. ಗಂಟೆಗೊಮ್ಮೆ ಒಳಗಿನಿಂದ ಹೊರಬಂದು ಜಾಗಟೆ ಬಾರಿಸುವ ಪುಟ್ಟ ಬೊಂಬೆಯುಳ್ಳ ಗಡಿಯಾರದ ಮುಂದೆ ಅವರು ಕಣ್ಣರಳಿಸಿ ನಿಲ್ಲುತ್ತಾರೆ. ಅಮೃತಶಿಲೆಯಲ್ಲಿ ಕಡೆದ ತೆಳು ಮುಸುಕಿನ ಹಿಂದೆ ಕಾಣುವ ರೆಬೆಕಾಳ ಮುಖವನ್ನು ಕಂಡು, ಕಲ್ಲು ಬಟ್ಟೆಯಾದುದು ಹೇಗೆಂದು ಕೇಳುತ್ತಾರೆ. ಈ ಸಾಮಗ್ರಿಯನ್ನೆಲ್ಲ ಕೂಡಿಹಾಕಿದವರು ಯಾರು, ಅದಕ್ಕೆ ಹಣ ಬಂದುದು ಎಲ್ಲಿಂದ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ದಾರಿ ನೇರವಾಗಿ ಕನ್ನಡ ನೆಲಕ್ಕೆ ಬಂದು ಸೇರುತ್ತದೆ. ಆದುದರಿಂದ ನವಾಬ್ ಮೀರ್ ಯೂಸುಫ್ ಅಲಿ ಖಾನ್, ಅಂದರೆ ಮೂರನೆಯ ಸಾಲಾರ್ ಜಂಗ್, ಎಂಬವರ ಜೀವನವನ್ನು ನಮ್ಮ ಮನೆಗಳಲ್ಲಿ, ನಮ್ಮ ತರಗತಿಗಳಲ್ಲಿ ಹೇಳಬೇಕೆಂದು ನಾವು ಭಾವಿಸುತ್ತೇವೆ.

ವಿಜಯಪುರದಿಂದ ಹೈದರಾಬಾದಿಗೆ

ಸಾಲಾರ್ ಜಂಗ್ ಎಂಬುದು ಹುಟ್ಟು ಹೆಸರಲ್ಲ, ಬಿರುದು. ಯುದ್ಧದಲ್ಲಿ ಮುಂದಾಳಾದವನು ಎಂಬುದು ಅದರ ಅರ್ಥ. ಈ ಮನೆತನದವರು ತಮ್ಮ ಮೂಲವನ್ನು ಅರಬ್ ದೇಶದ ಮದೀನಾಕ್ಕೆ ಹೇಳಿಕೊಳ್ಳುತ್ತಿದ್ದರು. ಭಾರತದಲ್ಲಿ ಅವರು ಮೊದಲು ನೆಲೆ ನಿಂತುದು ಆದಿಲ್‌ಶಾಹಿಗಳ ವಿಜಯಪುರದಲ್ಲಿ. ಅಲ್ಲಿಯ ರಾಜ್ಯ ಅಳಿದ ಬಳಿಕ ಮೊಗಲರ ಸೇವೆಗೂ, ಅನಂತರ ಹೈದರಾಬಾದಿನ ನಿಜಾಮರ ಸೇವೆಗೂ ಸೇರಿದರು. ಈ ಕುಟುಂಬದ ಮೀರ್ ಆಲಂ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಹೊರಟ ನಿಜಾಮರ ಸೇನೆಯ ಮುಖ್ಯಸ್ಥರಾಗಿದ್ದರು. ಮುಂದೆ ರಾಜ್ಯದ ದಿವಾನರಾದರು. ಹೈದರಾಬಾದಿನ ಮೀರ್ ಆಲಂ ಕೆರೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಈ ಮನೆತನದಲ್ಲಿ ಎಲ್ಲರಿಗಿಂತ ಹೆಸರಾದವರು ಮೀರ್ ತುರಾಬ್ ಅಲಿ ಖಾನ್, ಅಂದರೆ ಮೊದಲನೆಯ ಸಾಲಾರ್ ಜಂಗ್. 1853ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಹರೆಯದಲ್ಲಿ, ಅವರು ದಿವಾನಗಿರಿಯನ್ನು ವಹಿಸಿಕೊಂಡರು. ಆಗ ನಿಜಾಮರ ಬೊಕ್ಕಸ ಬರಿದಾಗಿತ್ತು, ಸಾಲ ಬೆಳೆದಿತ್ತು, ಕಂದಾಯ ವಸೂಲಿ ಗುತ್ತಿಗೆದಾರರ ಕೈಯಲ್ಲಿತ್ತು. ಮೂವತ್ತು ವರ್ಷ ಅಧಿಕಾರದಲ್ಲಿದ್ದ ಅವರು ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದರು, ಸಂಬಳದ ಅಧಿಕಾರಿಗಳನ್ನು ನೇಮಿಸಿದರು, ನ್ಯಾಯಾಲಯ ಮತ್ತು ಪೊಲೀಸ್ ವ್ಯವಸ್ಥೆಯನ್ನು ಕಟ್ಟಿದರು. ಇಂದು ನಮ್ಮ ಹಿರಿಯರು ಹಳೆಯ ದಾಖಲೆಗಳಲ್ಲಿ ಕಾಣುವ ತಾಲ್ಲೂಕು, ತಹಸೀಲು ಎಂಬ ಆಡಳಿತದ ಕಟ್ಟು ಆ ಭಾಗದಲ್ಲಿ ಗಟ್ಟಿಗೊಂಡುದು ಅವರ ಕಾಲದಲ್ಲಿಯೇ. 1876ರಲ್ಲಿ ಯುರೋಪಿಗೆ ಹೋದಾಗ ಇಟಲಿಯ ಶಿಲ್ಪಿ ಬೆಂಜೋನಿಯಿಂದ ಮುಸುಕಿನ ರೆಬೆಕಾಳ ಪ್ರತಿಮೆಯನ್ನು ಕೊಂಡು ತಂದವರು ಅವರು. ಮೊಮ್ಮಗನ ಸಂಗ್ರಹಕ್ಕೆ ಹೀಗೆ ಅಜ್ಜನ ಕಾಲದಲ್ಲಿಯೇ ಬೀಜ ಬಿದ್ದಿತ್ತು. 1883ರಲ್ಲಿ ಕಾಲರಾ ರೋಗಕ್ಕೆ ಅವರು ಬಲಿಯಾದರು.

ಜಾಗೀರಿನ ಕನ್ನಡ ಹಳ್ಳಿಗಳು

ದಿವಾನರ ಮನೆತನಕ್ಕೆ ಸಂಬಳಕ್ಕಿಂತ ದೊಡ್ಡ ಆದಾಯ ಜಾಗೀರಿನದು. ಜಾಗೀರೆಂದರೆ ಒಂದು ಸೀಮೆಯ ಕಂದಾಯವನ್ನು ಸರಕಾರದ ಬದಲು ತಾನೇ ಎತ್ತಿಕೊಳ್ಳುವ ಹಕ್ಕು. ಸಾಲಾರ್ ಜಂಗ್ ಮನೆತನದ ಜಾಗೀರು ಒಂದೇ ಕಡೆ ಇರಲಿಲ್ಲ; ನಿಜಾಮ್ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹಂಚಿಹೋಗಿತ್ತು. ಮರಾಠಿ ಸೀಮೆಯ ಅಜಂತಾ ಊರು ಅದರಲ್ಲಿ ಸೇರಿತ್ತು. ಕನ್ನಡ ಸೀಮೆಯ ಕೊಪ್ಪಳ ಮತ್ತು ಯಲಬುರ್ಗಾ ಅದರಲ್ಲಿ ಸೇರಿದ್ದವು. ನೇಕಾರರ ಊರಾದ ಕೋಸ್ಗಿಯೂ ಸೇರಿತ್ತು. ಈ ಕೋಸ್ಗಿ ಆಗ ಗುಲ್ಬರ್ಗಾ ಜಿಲ್ಲೆಯದು, ಈಗ ತೆಲಂಗಾಣದ ಪಶ್ಚಿಮ ಅಂಚಿನದು. ಆದವಾನಿ ಸೀಮೆಯ ಕೋಸಿಗಿಯೊಡನೆ ಇದನ್ನು ಬೆರೆಸಬಾರದು.

ಕೊಪ್ಪಳವೆಂದರೆ ಸಾಮಾನ್ಯವಾದ ಊರಲ್ಲ. ಕನ್ನಡದ ಮೊದಲ ಲಭ್ಯ ಗ್ರಂಥವಾದ ಕವಿರಾಜಮಾರ್ಗವು ಕನ್ನಡ ನಾಡಿನ ತಿರುಳನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ ಒಂದು. ಜೈನರಿಗೆ ಅದು ಮಹಾತೀರ್ಥವಾಗಿತ್ತು. ಅಲ್ಲಿಯ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಅವು ವಿದ್ವಾಂಸರ ಗಮನಕ್ಕೆ ಬಂದುದು 1931ರ ಸುಮಾರಿಗೆ, ಅಂದರೆ ಆ ನೆಲ ಮೂರನೆಯ ಸಾಲಾರ್ ಜಂಗರ ಜಾಗೀರಾಗಿದ್ದಾಗಲೇ. ಅದೇ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಪಕ್ಕದ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗಳಿಗೆ, ದೇವರ ವಿಗ್ರಹಗಳಿಗೆ ತಲೆಮಾರುಗಳಿಂದ ಬಣ್ಣ ಹಚ್ಚುತ್ತ ಬಂದಿದ್ದಾರೆ. ಕನ್ನಡದ ತಿರುಳು ನೆಲವೆನಿಸಿಕೊಂಡ ಈ ಸೀಮೆಯ ಒಕ್ಕಲಿಗನು ಮಳೆಯನ್ನು ನಂಬಿ ಜೋಳ, ಹತ್ತಿ ಬೆಳೆದು ಕಟ್ಟಿದ ಕಂದಾಯವು ಹೈದರಾಬಾದಿನ ಒಂದು ಅರಮನೆಯ ಖಜಾನೆಗೆ ಹೋಗುತ್ತಿತ್ತು. ಮುಂದಿನ ಕಥೆಯನ್ನು ಓದುವಾಗ ಇದು ನಮ್ಮ ಮನಸ್ಸಿನಲ್ಲಿರಲಿ.

ತಂದೆಯನ್ನು ಕಾಣದ ಮಗು

ಮೀರ್ ಯೂಸುಫ್ ಅಲಿ ಖಾನ್ ಹುಟ್ಟಿದ್ದು 1889ರ ಜೂನ್ 13ರಂದು, ಪುಣೆಯಲ್ಲಿ. ತಂದೆ ಮೀರ್ ಲಾಯಕ್ ಅಲಿ ಖಾನ್ ಎರಡನೆಯ ಸಾಲಾರ್ ಜಂಗ್. ಅವರು ತೀರ ಎಳೆಯ ವಯಸ್ಸಿನಲ್ಲಿ ದಿವಾನರಾಗಿ, 1887ರಲ್ಲಿ ಆ ಪದವಿಯನ್ನು ಕಳೆದುಕೊಂಡಿದ್ದರು. ಮಗು ಹುಟ್ಟಿ ತಿಂಗಳು ತುಂಬುವುದರೊಳಗೆ ಅವರು ತೀರಿಕೊಂಡರು. ವಂಶಕ್ಕೆ ಉಳಿದುದು ತೊಟ್ಟಿಲಿನ ಕೂಸೊಂದೇ. ಜಾಗೀರಿನ ಆಡಳಿತವನ್ನು ನಿಜಾಮರ ಸರಕಾರ ತನ್ನ ಮೇಲ್ವಿಚಾರಣೆಗೆ ತೆಗೆದುಕೊಂಡಿತು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರು ಈ ಅನಾಥ ಬಾಲಕನ ಮೇಲೆ ಅಭಿಮಾನವಿಟ್ಟು, ಮನೆತನದ ಬಿರುದನ್ನೂ ಜಾಗೀರನ್ನೂ ಅವನಿಗೆ ಉಳಿಸಿಕೊಟ್ಟರು.

ಬಾಲಕ ಬೆಳೆದುದು ದಿವಾನ್ ದೇವಡಿ ಎಂಬ ಪೂರ್ವಿಕರ ಅರಮನೆಯಲ್ಲಿ. ಅದು ಹಳೆಯ ನಗರದಲ್ಲಿ, ಚಾರ್‌ಮಿನಾರಿಗೆ ಅನತಿ ದೂರದಲ್ಲಿದ್ದ ಹಲವು ಕಟ್ಟಡಗಳ ಸಮುಚ್ಚಯ. ಅಲ್ಲಿ ಕನ್ನಡಿಗಳಿಂದ ಅಲಂಕರಿಸಿದ ಐನಾಖಾನೆಯಿತ್ತು. ಗೋಡೆಗಳನ್ನು ಪಿಂಗಾಣಿಯಿಂದಲೇ ಸಿಂಗರಿಸಿದ ಚೀನೀಖಾನೆಯಿತ್ತು. ಅಜ್ಜ ತಂದ ಅಮೃತಶಿಲೆಯ ಪ್ರತಿಮೆ ಅಲ್ಲಿಯೇ ಇತ್ತು. ತಂದೆತಾಯಿಯ ಮಡಿಲಿನಲ್ಲಿ ಆಡುವ ವಯಸ್ಸಿನಲ್ಲಿ ವಸ್ತುಗಳ ನಡುವೆ ಬೆಳೆದ ಮಗುವಿಗೆ ವಸ್ತುಗಳೇ ಬಂಧುಗಳಾದವೋ ಏನೋ ಎಂದು ನಮಗೆ ಅನ್ನಿಸುತ್ತದೆ.

ಎರಡು ವರ್ಷದ ದಿವಾನಗಿರಿ

1911ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ಏಳನೆಯ ನಿಜಾಮರಾಗಿ ಪಟ್ಟವೇರಿದರು. ಮರುವರ್ಷ, 1912ರಲ್ಲಿ, ಮಹಾರಾಜಾ ಕಿಷನ್ ಪ್ರಸಾದರ ಸ್ಥಾನಕ್ಕೆ ಇಪ್ಪತ್ಮೂರರ ಯುವಕ ಸಾಲಾರ್ ಜಂಗರನ್ನು ದಿವಾನರನ್ನಾಗಿ ನೇಮಿಸಿದರು. ದೊರೆಗೂ ಎಳೆಯ ವಯಸ್ಸು, ಮಂತ್ರಿಗೂ ಎಳೆಯ ವಯಸ್ಸು. ಅಜ್ಜನ ಹೆಸರು ಮೊಮ್ಮಗನ ಬೆನ್ನ ಹಿಂದೆ ದೊಡ್ಡ ನೆರಳಾಗಿ ನಿಂತಿತ್ತು. ಆದರೆ ಕಾಲ ಬದಲಾಗಿತ್ತು. ಹೊಸ ನಿಜಾಮರಿಗೆ ಆಡಳಿತದ ಸೂತ್ರವನ್ನು ತಮ್ಮ ಕೈಯಲ್ಲೇ ಹಿಡಿಯುವ ಆಸೆಯಿತ್ತು. 1914ರ ನವೆಂಬರಿನಲ್ಲಿ ಸಾಲಾರ್ ಜಂಗರು ಪದವಿಯಿಂದ ಕೆಳಗಿಳಿದರು. ಆ ಬಳಿಕ ಐದು ವರ್ಷ ನಿಜಾಮರು ದಿವಾನರಿಲ್ಲದೆಯೇ ರಾಜ್ಯವಾಳಿದರು ಎಂಬುದೊಂದೇ ಅಂದಿನ ಪರಿಸ್ಥಿತಿಯನ್ನು ತಿಳಿಸಲು ಸಾಕು.

ಇಪ್ಪತ್ತೈದು ವರ್ಷಕ್ಕೇ ರಾಜಕಾರಣ ಮುಗಿದ ಮನುಷ್ಯನ ಮುಂದೆ ಏನಿದ್ದೀತು? ಅವರಿಗೆ ಮದುವೆಯಾಗಲಿಲ್ಲ. ಮಕ್ಕಳಿರಲಿಲ್ಲ. ಜಾಗೀರಿನ ಆದಾಯ ವರ್ಷ ವರ್ಷ ಬರುತ್ತಲೇ ಇತ್ತು. ಅವರಂಥ ಹಲವು ಜಾಗೀರುದಾರರು ಆ ಆದಾಯವನ್ನು ಬೇಟೆಯಲ್ಲಿ, ಜೂಜಿನಲ್ಲಿ, ವಿಲಾಸದಲ್ಲಿ ಕರಗಿಸಿದರು. ಇವರು ಅದನ್ನು ವಸ್ತುಗಳಾಗಿ ಮಾರ್ಪಡಿಸಿದರು. ಮುಂದಿನ ಮೂವತ್ತೈದು ವರ್ಷ, ಅಂದರೆ ಕೊನೆಯುಸಿರಿನವರೆಗೆ, ಅವರು ಮಾಡಿದ ಕೆಲಸ ಇದೊಂದೇ ಎನ್ನಬಹುದು.

ಕೊಳ್ಳುವ ಕೈ, ಮಾರುವ ಕೈ

ಹಳೆಯ ವಸ್ತುಗಳ ವ್ಯಾಪಾರಕ್ಕೆ ತನ್ನದೇ ಆದ ರೀತಿಯಿದೆ. ಹೊಸ ಸಾಮಾನಿಗೆ ಅಂಗಡಿಯಲ್ಲಿ ನಿಗದಿಯಾದ ಬೆಲೆಯಿರುತ್ತದೆ. ಹಳೆಯ ವಸ್ತುವಿಗೆ ಬೆಲೆ ಬರುವುದು ಅದು ಎಷ್ಟು ಅಪರೂಪ, ಯಾರ ಕೈ ದಾಟಿ ಬಂದಿದೆ, ಅದನ್ನು ಬೇಡುವವನಿಗೆ ಎಷ್ಟು ಆಸೆಯಿದೆ ಎಂಬುದರಿಂದ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಹಳೆಯ ಶ್ರೀಮಂತ ಮನೆಗಳು ಬಡವಾದವು. ಅರಮನೆಗಳ ಪೀಠೋಪಕರಣ, ಗಡಿಯಾರ, ಪಿಂಗಾಣಿ, ಚಿತ್ರಗಳು ಹರಾಜಿಗೆ ಬಂದವು. ಭಾರತದಲ್ಲಿಯೂ ಮೊಗಲ್ ಕಾಲದ ಮನೆತನಗಳು ಕ್ಷೀಣಿಸಿ, ಅಜ್ಜಂದಿರ ಕತ್ತಿ, ಕಠಾರಿ, ಹಸ್ತಪ್ರತಿಗಳು ದಲ್ಲಾಳಿಗಳ ಕೈ ಸೇರುತ್ತಿದ್ದವು. ಮಾರುವವರು ಹೆಚ್ಚಾಗಿದ್ದ ಆ ಕಾಲದಲ್ಲಿ ಕೊಳ್ಳುವವರಾಗಿ ಸಾಲಾರ್ ಜಂಗರು ನಿಂತರು.

ಅವರಿಗೆ ವಸ್ತುಗಳ ಹುಚ್ಚು ಇದೆಯೆಂಬ ಸುದ್ದಿ ಹರಡಿದ ಮೇಲೆ ದಿವಾನ್ ದೇವಡಿಯ ಬಾಗಿಲಿಗೆ ವ್ಯಾಪಾರಿಗಳು ತಾವಾಗಿ ಬರತೊಡಗಿದರು. ಹೊರದೇಶಗಳಲ್ಲಿ ಅವರಿಗೆ ಏಜೆಂಟರಿದ್ದರು. ಹೆಸರಾಂತ ವ್ಯಾಪಾರಿಗಳ ಬೆಲೆಪಟ್ಟಿಗಳನ್ನು, ಹರಾಜಿನ ವಿವರಗಳನ್ನು ಅವರು ಹೈದರಾಬಾದಿಗೆ ಕಳುಹಿಸುತ್ತಿದ್ದರು. ನವಾಬರು ಅವನ್ನು ಓದಿ, ಬೇಕಾದುದನ್ನು ಗುರುತಿಸಿ ತರಿಸಿಕೊಳ್ಳುತ್ತಿದ್ದರು. ಯುರೋಪಿಗೂ ಪಶ್ಚಿಮ ಏಷ್ಯಾಕ್ಕೂ ಹೋದಾಗ ತಾವೇ ಕಣ್ಣಾರೆ ನೋಡಿ ಕೊಂಡು ತರುತ್ತಿದ್ದರು.

ಅವರ ಆಸಕ್ತಿಗೆ ಗಡಿಯೇ ಇರಲಿಲ್ಲ. ಬೇರೆ ಸಂಗ್ರಾಹಕರು ನಾಣ್ಯವೋ ಚಿತ್ರವೋ ಯಾವುದಾದರೂ ಒಂದನ್ನು ಹಿಡಿದು ಹೊರಡುತ್ತಾರೆ. ಇವರು ಚೀನಾದ ಪಿಂಗಾಣಿ, ಜಪಾನಿನ ಕಸೂತಿ, ಪರ್ಷಿಯದ ರತ್ನಗಂಬಳಿ, ಫ್ರಾನ್ಸಿನ ಮೇಜು ಕುರ್ಚಿ, ಇಂಗ್ಲೆಂಡಿನ ಗಡಿಯಾರ, ಭಾರತದ ಕಂಚಿನ ವಿಗ್ರಹ, ದಂತದ ಕೆತ್ತನೆ, ಜೇಡ್ ಕಲ್ಲಿನ ಬಟ್ಟಲು, ಕೈಕೋಲು, ಮಕ್ಕಳ ಆಟಿಕೆ ಎಲ್ಲವನ್ನೂ ಕೊಂಡರು. ಅರಮನೆಯ ಕೋಣೆಗಳು ತುಂಬಿದವು. ವಾಸಕ್ಕೆಂದು ಕಟ್ಟಿದ ಮನೆ ಕ್ರಮೇಣ ಸಾಮಗ್ರಿಗಳ ಮನೆಯಾಯಿತು. ಒಡೆಯರು ಅದರ ನಡುವೆ ಬದುಕಿದರು.

ಕೆಲವು ವಸ್ತುಗಳ ಕಥೆ

ಆ ಸಂಗ್ರಹದಿಂದ ಕೆಲವನ್ನಾದರೂ ಮಕ್ಕಳಿಗೆ ಹೇಳಿಕೊಡುವುದು ಒಳ್ಳೆಯದು. ನೋಡಲು ಹೋಗುವ ಮೊದಲೇ ತಿಳಿದಿದ್ದರೆ ಕಣ್ಣು ಹೆಚ್ಚು ಕಾಣುತ್ತದೆ.

ಎಲ್ಲರೂ ಕಾದು ನೋಡುವ ಆ ಗಡಿಯಾರವನ್ನು ಮಾರಿದ್ದು ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಎಂಬ ಅಂಗಡಿ, ಯಂತ್ರಭಾಗಗಳು ಇಂಗ್ಲೆಂಡಿನವು. ಅದರ ಮುಂದೆ ಜನ ಸೇರುವುದು ಸಮಯ ತಿಳಿಯಲು ಅಲ್ಲ, ಬೊಂಬೆ ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುವ ಆ ಒಂದು ನಿಮಿಷಕ್ಕಾಗಿ.

ಇನ್ನೊಂದು, ಒಂದೇ ಮರದ ದಿಮ್ಮಿಯಲ್ಲಿ ಕಡೆದ ಇಬ್ಬರು ವ್ಯಕ್ತಿಗಳ ಪ್ರತಿಮೆ. ಮುಂಭಾಗದಲ್ಲಿ ಸೊಕ್ಕಿನಿಂದ ತಲೆಯೆತ್ತಿದ ಮೆಫಿಸ್ಟೋಫಿಲೀಸ್. ಹಿಂಭಾಗದಲ್ಲಿ ತಲೆ ತಗ್ಗಿಸಿ ನಿಂತ ಮಾರ್ಗರೆಟ್. ಇಬ್ಬರೂ ಜರ್ಮನ್ ಕವಿ ಗಯಟೆಯ ಫೌಸ್ಟ್ ನಾಟಕದ ಪಾತ್ರಗಳು. ಹಿಂದೆ ಕನ್ನಡಿಯಿಟ್ಟಿರುವುದರಿಂದ ಕೇಡು ಮತ್ತು ಮುಗ್ಧತೆ ಒಂದೇ ನೋಟದಲ್ಲಿ ಕಾಣುತ್ತವೆ.

ಜೇಡ್ ಕಲ್ಲಿನ ವಸ್ತುಗಳ ಕೋಣೆಯಲ್ಲಿ ಜಹಾಂಗೀರನದೂ ನೂರ್‌ಜಹಾನಳದೂ ಎಂದು ಗುರುತಿಸಲಾದ ಬಾಕುಗಳಿವೆ. ಹಸ್ತಪ್ರತಿಗಳ ನಡುವೆ ಹದಿಮೂರನೆಯ ಶತಮಾನದ ಬಾಗ್ದಾದಿನ ಪ್ರಸಿದ್ಧ ಲಿಪಿಕಾರ ಯಾಕೂತನ ಕೈಬರಹವೆನ್ನಲಾದ ಕುರ್‌ಆನ್ ಪ್ರತಿಯಿದೆ. ಅದರ ಮೇಲೆ ಜಹಾಂಗೀರ್, ಷಾಜಹಾನ್, ಔರಂಗಜೇಬರ ಸಹಿಗಳಿವೆ. ಫ್ರಾನ್ಸಿನ ದೊರೆ ಟಿಪ್ಪು ಸುಲ್ತಾನನಿಗೆ ಕಳುಹಿಸಿದವೆಂದು ಹೇಳಲಾಗುವ ದಂತದ ಕುರ್ಚಿಗಳಿವೆ. ಶ್ರೀರಂಗಪಟ್ಟಣದ ಮುತ್ತಿಗೆಗೆ ಸೇನೆ ನಡೆಸಿದವರ ವಂಶಸ್ಥರ ಮನೆಯಲ್ಲಿ ಶ್ರೀರಂಗಪಟ್ಟಣದ ಹೆಸರಿನ ಕುರ್ಚಿಗಳು ಬಂದು ಕುಳಿತವು. ಇತಿಹಾಸ ಇಂಥ ತಿರುವುಗಳನ್ನು ಆಗಾಗ ತೋರಿಸುತ್ತದೆ.

ನಮ್ಮವರು ತಪ್ಪದೆ ನಿಂತು ನೋಡಬೇಕಾದುದು ಬಿದರಿ ಸಾಮಾನುಗಳ ಕೋಣೆ. ಹೂಜಿ, ಹುಕ್ಕಾದ ಬುಡ, ಪಾನದಾನಿ, ತಟ್ಟೆಗಳು ಅಲ್ಲಿ ಸಾಲಾಗಿವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಯನ್ನು ನಯ ಮಾಡಿ, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಳಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕನ್ನಡ ಮಾತನಾಡುವ ಜಿಲ್ಲೆಯೊಂದರ ಮಣ್ಣು ಈ ಕಲೆಯ ಜೀವಾಳ. ಚೀನಾ, ಫ್ರಾನ್ಸುಗಳ ನಡುವೆ ನಮ್ಮ ಬೀದರಿನ ಕಮ್ಮಾರಿಕೆಗೂ ನವಾಬರು ಸ್ಥಾನ ಕೊಟ್ಟರು ಎಂಬುದನ್ನು ನಾವು ಮರೆಯಬಾರದು.

ತೂಗಿ ನೋಡಿದಾಗ

ಇಂಥ ಜೀವನವನ್ನು ಹೇಗೆ ಅಳೆಯಬೇಕು? ಹೊಗಳಿ ಮುಗಿಸುವುದು ಸುಲಭ. ಒಬ್ಬ ಮನುಷ್ಯನೇ ಕೂಡಿಸಿದ ಇಷ್ಟು ದೊಡ್ಡ ಸಂಗ್ರಹ ಲೋಕದಲ್ಲಿ ವಿರಳವೆಂದು ಪಠ್ಯಪುಸ್ತಕಗಳು ಹೇಳುತ್ತವೆ, ಅದು ನಿಜವೇ. ತೆಗಳಿ ಮುಗಿಸುವುದೂ ಸುಲಭ. ಮಳೆ ಕೈಕೊಟ್ಟ ವರ್ಷವೂ ಯಲಬುರ್ಗಾದ ಹೊಲದಿಂದ ಎತ್ತಿದ ಹಣ ಪ್ಯಾರಿಸಿನ ಅಂಗಡಿಗೆ ಹೋಯಿತೆಂದರೆ ಯಾರ ಮನಸ್ಸೂ ಕಹಿಯಾದೀತು. ಜಾಗೀರಿನ ರೈತನಿಗೆ ತನ್ನ ಕಂದಾಯ ಏನಾಯಿತೆಂದು ಕೇಳುವ ಹಕ್ಕು ಇರಲಿಲ್ಲ. ತನ್ನ ಬೆವರು ಯಾವ ಪಿಂಗಾಣಿ ಬಟ್ಟಲಾಯಿತೆಂದು ನೋಡುವ ಅವಕಾಶವೂ ಆ ಕಾಲದಲ್ಲಿ ಇರಲಿಲ್ಲ.

ಕೊಂಡುದೆಲ್ಲ ಚಿನ್ನವೂ ಅಲ್ಲ. ಅಷ್ಟು ಬಗೆಯ ವಸ್ತುಗಳನ್ನು ಕೊಳ್ಳುವವನು ಎಲ್ಲದರಲ್ಲಿಯೂ ಪರಿಣತನಾಗಿರಲು ಸಾಧ್ಯವಿಲ್ಲ. ಸಂಗ್ರಹದಲ್ಲಿ ಉತ್ಕೃಷ್ಟವಾದುವುಗಳ ಜೊತೆಗೆ ಸಾಮಾನ್ಯವಾದುವೂ, ಮೂಲಕೃತಿಗಳ ಜೊತೆಗೆ ಪ್ರತಿಕೃತಿಗಳೂ ಇವೆ. ರೆಬೆಕಾಳ ಪ್ರತಿಮೆಯನ್ನೇ ಬೆಂಜೋನಿ ಒಂದಕ್ಕಿಂತ ಹೆಚ್ಚು ಬಾರಿ ಕಡೆದಿದ್ದರು. ಇದರಿಂದ ಆ ಶಿಲ್ಪದ ಚೆಲುವಿಗೆ ಕುಂದಿಲ್ಲ. ಆದರೆ ಅಪರೂಪವೆಂಬ ಮಾತನ್ನು ಎಚ್ಚರದಿಂದ ಆಡಬೇಕೆಂದು ಅದು ನಮಗೆ ಕಲಿಸುತ್ತದೆ.

ನಮ್ಮನ್ನು ಇನ್ನೂ ಹೆಚ್ಚು ಕಾಡುವ ಸಂಗತಿ ಬೇರೆ. ಅಶೋಕನ ಅಕ್ಷರಗಳಿದ್ದ ಬೆಟ್ಟ, ಜೈನರ ಕೊಪಣ, ಕಿನ್ನಾಳದ ಚಿತ್ರಗಾರರ ಕೇರಿ ಇವೆಲ್ಲ ಅವರ ಸ್ವಂತ ಜಾಗೀರಿನ ಒಳಗೇ ಅಥವಾ ಅದರ ಮಗ್ಗುಲಿಗೇ ಇದ್ದವು. ಆದರೆ ಇಂದು ಸಾಲಾರ್ ಜಂಗರ ಹೆಸರು ಕೇಳಿದೊಡನೆ ಲೋಕಕ್ಕೆ ನೆನಪಾಗುವುದು ಇಟಲಿಯ ಶಿಲೆ ಮತ್ತು ಇಂಗ್ಲೆಂಡಿನ ಗಡಿಯಾರ. ದೂರದ್ದು ಚೆನ್ನ, ಹತ್ತಿರದ್ದು ಸಾಮಾನ್ಯ ಎಂಬ ಭಾವ ನವಾಬರೊಬ್ಬರದಲ್ಲ. ನಮ್ಮೆಲ್ಲರ ಮನೆಗಳಲ್ಲಿಯೂ ಇದೆ. ಹಿತ್ತಾಳೆಯ ಕೊಳಗವನ್ನು ಗುಜರಿಗೆ ತೂಕಕ್ಕೆ ಹಾಕಿ, ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬಿ ತರುವವರು ನಾವೇ ಅಲ್ಲವೇ?

ಆದರೂ ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ಅವರು ಕೊಂಡುದನ್ನು ಲಾಭಕ್ಕಾಗಿ ಮಾರುತ್ತ ಹೋಗಲಿಲ್ಲ. ಬಂದುದು ಉಳಿಯಿತು. ಉಳಿದುದರಿಂದಲೇ ಅದು ಒಂದು ದಿನ ಎಲ್ಲರದಾಗುವುದು ಸಾಧ್ಯವಾಯಿತು.

ಒಡೆಯನಿಲ್ಲದ ಅರಮನೆ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ಸೇರಿತು. ಹಳೆಯ ವ್ಯವಸ್ಥೆಯ ಕಂಬಗಳು ಒಂದೊಂದಾಗಿ ಕುಸಿಯತೊಡಗಿದವು. 1949ರ ಮಾರ್ಚ್ 2ರಂದು ಮೂರನೆಯ ಸಾಲಾರ್ ಜಂಗರು ತೀರಿಕೊಂಡರು. ಆಗ ಅವರಿಗೆ ಅರವತ್ತು ತುಂಬಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದ್ ರಾಜ್ಯದಲ್ಲಿ ಜಾಗೀರುಗಳೆಲ್ಲ ರದ್ದಾದವು. ಇನ್ನು ಆರು ತಿಂಗಳು ಬದುಕಿದ್ದರೆ ಕೊಪ್ಪಳವೂ ಯಲಬುರ್ಗಾವೂ ಕೋಸ್ಗಿಯೂ ತಮ್ಮ ಕೈಬಿಟ್ಟುದನ್ನು ಅವರು ಕಾಣಬೇಕಾಗುತ್ತಿತ್ತು. ಅವರ ಸಂಗ್ರಹಕ್ಕೆ ನೀರೆರೆದ ಕಾಲುವೆ ಅವರ ಹಿಂದೆಯೇ ಬತ್ತಿತು.

ನೇರ ವಾರಸುದಾರರಿಲ್ಲದ ಆ ಅರಮನೆಯ ವಸ್ತುಗಳು ಎಲ್ಲಿ ಹೋಗಬೇಕಿತ್ತು? ದೂರದ ಬಂಧುಗಳು ಹಲವರಿದ್ದರು. ಪಾಲಾಗಿ ಹಂಚಿಹೋಗಿದ್ದರೆ, ಯಾವ ವ್ಯಾಪಾರಿಗಳಿಂದ ಬಂದಿತ್ತೋ ಅಂಥವರ ಕೈಗೇ ಮರಳಿ ಸೇರಿ ಲೋಕದ ಮೂಲೆಮೂಲೆಗೆ ಚೆದುರಿಹೋಗುತ್ತಿತ್ತು. ಸರಕಾರವು ಎಸ್ಟೇಟಿನ ಆಡಳಿತಕ್ಕೆ ಸಮಿತಿಯೊಂದನ್ನು ನೇಮಿಸಿತು. ಆಗ ಹೈದರಾಬಾದಿನ ಆಡಳಿತ ಎಂ. ಕೆ. ವೆಲ್ಲೋಡಿಯವರ ಕೈಯಲ್ಲಿತ್ತು. ಹಲವು ಅರಮನೆಗಳಲ್ಲಿ ಚೆದುರಿದ್ದ ಸಾಮಗ್ರಿಯನ್ನು ಒಂದು ಕ್ರಮಕ್ಕೆ ತರಲು ಕಲಾವಿಮರ್ಶಕ ಜೇಮ್ಸ್ ಕಸಿನ್ಸರನ್ನು ಕೋರಲಾಯಿತು.

ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಅಣಿಗೊಳಿಸುವುದರಲ್ಲಿ ನೆರವಾದ ಐರಿಷ್ ಕವಿ ಇವರು. ಇಂಗ್ಲಿಷಿನಲ್ಲಿ ಕವಿತೆ ಬರೆದು ತಂದು ತೋರಿಸಿದ ಕಾಲೇಜು ವಿದ್ಯಾರ್ಥಿಯೊಬ್ಬನಿಗೆ, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದವರೂ ಇವರೇ. ಆ ವಿದ್ಯಾರ್ಥಿ ಮುಂದೆ ಕುವೆಂಪು ಆದರು. ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಹೈದರಾಬಾದಿನ ಆ ಕಟ್ಟಡದೊಳಗೆ ಕಾಲಿಟ್ಟಾಗ ಈ ಸಂಬಂಧವನ್ನು ಮಕ್ಕಳಿಗೆ ಹೇಳಬಹುದು.

1951ರ ಡಿಸೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿಯೇ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಜಾಗೀರುದಾರರ ಖಾಸಗಿ ಕೋಣೆಗಳು ಸಾಮಾನ್ಯ ಜನರಿಗೆ ತೆರೆದವು. ವಾರಸಿನ ವಿವಾದ ನ್ಯಾಯಾಲಯದಲ್ಲಿ ರಾಜಿಯಾಗಿ, 1958ರಲ್ಲಿ ಸಂಗ್ರಹವು ಭಾರತ ಸರಕಾರಕ್ಕೆ ಬಂದಿತು. 1961ರಲ್ಲಿ ಸಂಸತ್ತು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. 1968ರಲ್ಲಿ ಮೂಸಿಯ ದಡದ ಹೊಸ ಕಟ್ಟಡಕ್ಕೆ ವಸ್ತುಗಳು ಸ್ಥಳಾಂತರಗೊಂಡವು. ಇಂದು ಅಲ್ಲಿ 40,000ಕ್ಕೂ ಮಿಕ್ಕ ಕಲಾವಸ್ತುಗಳೂ, 8,000ದಷ್ಟು ಹಸ್ತಪ್ರತಿಗಳೂ, ದೊಡ್ಡದೊಂದು ಗ್ರಂಥಾಲಯವೂ ಇವೆ. ವಸ್ತುಗಳು ಉಳಿದವು. ಅವುಗಳಿಗೆ ನೆರಳಾಗಿದ್ದ ದಿವಾನ್ ದೇವಡಿಯ ಬಹುಭಾಗ ಮಾತ್ರ ಉಳಿಯಲಿಲ್ಲ. ಆ ಜಾಗವನ್ನು ಅಂಗಡಿ ಸಾಲುಗಳು ತುಂಬಿಕೊಂಡವು.

ಗಡಿ ಗೆರೆ ಬಿದ್ದ ಮೇಲೆ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಕೊಪ್ಪಳ, ಯಲಬುರ್ಗಾಗಳು ರಾಯಚೂರು ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು. ಅಜಂತಾ ಮುಂಬಯಿ ರಾಜ್ಯಕ್ಕೆ ಹೋಯಿತು. ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಕೋಸ್ಗಿಯೂ ಗೆರೆಯ ಆಚೆಗೆ ಉಳಿಯಿತು. ಒಂದೇ ಜಾಗೀರಿನಲ್ಲಿ ಒಂದೇ ಒಡೆಯನಿಗೆ ಕಂದಾಯ ಕಟ್ಟಿದ ಕನ್ನಡ ಕುಟುಂಬಗಳಲ್ಲಿ ಕೆಲವು ಬಹು ಸಂಖ್ಯಾತರಾದವು, ಕೆಲವು ಭಾಷಾ ಅಲ್ಪಸಂಖ್ಯಾತರಾದವು. ಈ ಎರಡೂ ಕಡೆಯವರಿಗೆ ಸಮಾನವಾಗಿ ಹಕ್ಕಿರುವ ಪಿತ್ರಾರ್ಜಿತ ಆಸ್ತಿ ಯಾವುದಾದರೂ ಇದ್ದರೆ ಅದು ಮೂಸಿ ದಡದ ಆ ಮನೆ. ಟಿಕೆಟು ಕೊಂಡು ಒಳಗೆ ಹೋಗುವ ಕೊಪ್ಪಳದ ಮಗುವಾಗಲಿ ಕೋಸ್ಗಿಯ ಮಗುವಾಗಲಿ ಅಲ್ಲಿ ಪರಕೀಯರಲ್ಲ. ಅವರ ಮುತ್ತಜ್ಜಂದಿರು ಅದರ ಬೆಲೆಯನ್ನು ಮೊದಲೇ ತೆತ್ತಿದ್ದಾರೆ.

ನಾವು ಕಲಿಯಬೇಕಾದುದು

ಮೂರನೆಯ ಸಾಲಾರ್ ಜಂಗರ ಬದುಕಿನಿಂದ ಗಡಿನಾಡಿನ ಕನ್ನಡ ಕುಟುಂಬಗಳು ಪಡೆಯಬಹುದಾದ ಪಾಠ ಸಂಪತ್ತಿನದಲ್ಲ, ಉಳಿಸಿಕೊಳ್ಳುವುದರದು. ಉಳಿಸಿದ ವಸ್ತುವಿಗೆ ಮುಂದೆ ಸಾಕ್ಷಿಯ ಬೆಲೆ ಬರುತ್ತದೆ. ಸಂವಿಧಾನದ 29ನೆಯ ವಿಧಿಯು ಪ್ರತ್ಯೇಕ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಜನರಿಗೆ ಅವನ್ನು ಕಾಪಾಡಿಕೊಳ್ಳುವ ಹಕ್ಕನ್ನು ನೀಡಿದೆ. ಆ ಹಕ್ಕನ್ನು ನಾವು ಬಹುಮಟ್ಟಿಗೆ ಅರ್ಜಿ, ಮನವಿ, ಧರಣಿಗಳಲ್ಲಿ ಮಾತ್ರ ಬಳಸುತ್ತಿದ್ದೇವೆ. ಅವು ಬೇಕು. ಆದರೆ ಈ ನೆಲದಲ್ಲಿ ಕನ್ನಡ ಎಷ್ಟು ಕಾಲದಿಂದ ಇದೆಯೆಂದು ಯಾರಾದರೂ ಕೇಳಿದಾಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

ಕಾಸರಗೋಡಿನ ಅಟ್ಟದ ಮೇಲಿನ ತಾಳೆಗರಿ, ಸೊಲ್ಲಾಪುರ ಅಕ್ಕಲಕೋಟೆಗಳ ಮಗ್ಗದ ಲಾಳಿ, ಆದವಾನಿಯ ಕೂರಿಗೆ, ತಾಳವಾಡಿಯ ಕಂಸಾಳೆ, ಹಳೆಯ ಕನ್ನಡ ಶಾಲೆಯ ಹಾಜರಿ ಪುಸ್ತಕ, ಅಜ್ಜನ ಕನ್ನಡ ಲೆಕ್ಕದ ವಹಿ, ಅಜ್ಜಿಯ ಅಡಕೊತ್ತು, ಶಾವಿಗೆ ಮಣೆ ಇವಕ್ಕೆ ಪ್ಯಾರಿಸಿನ ಅಂಗಡಿಯಲ್ಲಿ ಬೆಲೆಯಿಲ್ಲ. ನಮಗೆ ಮಾತ್ರ ಬೆಲೆಯಿದೆ. ವಸ್ತುವೊಂದು ಮನೆಯಿಂದ ಹೊರಟುಹೋದಾಗ ಅದರ ಕನ್ನಡ ಹೆಸರೂ ಹೊರಡುತ್ತದೆ. ಕೂರಿಗೆಯನ್ನೇ ಕಾಣದ ಮಗುವಿಗೆ ಕೂರಿಗೆ ಎಂಬ ಮಾತು ಶಬ್ದಕೋಶದ ಒಂದು ಸಾಲು ಮಾತ್ರ.

ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ ಒಂದು ಗಾಜಿನ ಕಪಾಟು ಇರಲಿ. ಪಾಲಕರು ಮನೆಯಲ್ಲಿ ಬಳಕೆ ತಪ್ಪಿದ ಒಂದೊಂದು ವಸ್ತುವನ್ನು ಕೊಡಲಿ. ಕೊಡಲು ಮನಸ್ಸಾಗದಿದ್ದರೆ ಅದರ ಚಿತ್ರವನ್ನಾದರೂ ಕೊಡಲಿ. ಮಕ್ಕಳು ಅದರ ಪಕ್ಕದಲ್ಲಿ ಚೀಟಿ ಬರೆದಿಡಲಿ: ವಸ್ತುವಿನ ಕನ್ನಡ ಹೆಸರು, ಊರು, ಅದನ್ನು ಬಳಸಿದವರು, ಬಳಸುತ್ತಿದ್ದ ಬಗೆ. ಅದೇ ಚೀಟಿಯಲ್ಲಿ ಆಯಾ ರಾಜ್ಯದ ಭಾಷೆಯಲ್ಲಿಯೂ ನಾಲ್ಕು ಸಾಲು ಇರಲಿ. ನೆರೆಯ ಮಲಯಾಳಿ, ಮರಾಠಿ, ತೆಲುಗು, ತಮಿಳು ಮಕ್ಕಳೂ ಬಂದು ಓದಲಿ. ಇದಕ್ಕೆ ಜಾಗೀರು ಬೇಡ, ಏಜೆಂಟರು ಬೇಡ. ಬರುವ ರಾಜ್ಯೋತ್ಸವದ ದಿನ ಬಾವುಟ ಹಾರಿಸಿದ ಮೇಲೆ ಮೊದಲ ವಸ್ತುವನ್ನು ಕಪಾಟಿನಲ್ಲಿಡುವ ಕೆಲಸದಿಂದ ಆರಂಭಿಸೋಣ.